ಪೋಲೀಸರಿಗೆ ಅಡ್ಡಿ ಮಾಡಬೇಡಿರಿ, ಕೇಳಬೇಕಾದ್ದನ್ನು ಕೇಳಿರಿ

(ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ಹಳ್ಳಿಗಳಲ್ಲಿ ಗ್ರಾಮ ಸೇವಕರೊಬ್ಬರು ಮಾಡಿದ ಭಾಷಣ)



ನಾನು ಕೃಷಿ ಡಿಪ್ಲೊಮಾ ಓದಿದವನು. ನಿಮ್ಮ ಊರಿಗೆ ಬಂದಾಗಲೆಲ್ಲ ಬೀಜೋಪಚಾರ, ಮೆಣಸಿನ ಗಿಡದ ಮುಟುರು ರೋಗ, ಗೋವಿನಜೋಳದ ಸೈನಿಕ ಹುಳು ಇಂಥ ಮಾತುಗಳನ್ನು ಹೇಳಿ ಹೋಗುತ್ತೇನೆ. ಇಂದು ಬೆಳೆಯ ಮಾತು ಬಿಟ್ಟು ಕಾಯದೆಯ ಮಾತು ತೆಗೆದದ್ದು ನಿಮಗೆ ಹೊಸದಾಗಿ ಕಾಣಬಹುದು. ನಾನು ವಕೀಲನಲ್ಲ. ಆದರೆ ಹುಳ ಬಿದ್ದು ಹಾಳಾದ ಮನೆತನಗಳಿಗಿಂತ ಖಟ್ಲೆ ಬಿದ್ದು ಹಾಳಾದ ಮನೆತನಗಳನ್ನು ಈ ಭಾಗದಲ್ಲಿ ನಾನು ಹೆಚ್ಚಾಗಿ ನೋಡಿದ್ದೇನೆ. ಹುಳಕ್ಕೆ ಔಷಧ ಹೇಳುವವನು ಇದಕ್ಕೂ ಎರಡು ಮಾತು ಹೇಳಬೇಕೆಂದು ನಿಂತಿದ್ದೇನೆ.

ನನ್ನ ಮನೆಯ ಸಂಗತಿಯಿಂದಲೇ ಆರಂಭಿಸುತ್ತೇನೆ.

2014ರ ಮುಂಗಾರಿನಲ್ಲಿ ನಮ್ಮ ಕಾಕಾನ ಹೊಲಕ್ಕೂ ಪಕ್ಕದವರ ಹೊಲಕ್ಕೂ ನಡುವಿನ ಬದುವಿನ ಸಲುವಾಗಿ ಜಗಳ ಬಂತು. ಬದು ಒತ್ತಿದರೆಂದು ಮಾತಿಗೆ ಮಾತು ಬೆಳೆದು, ಕಾಕಾನ ಮಗ ಎದುರಿನವರ ಮೇಲೆ ಕೈ ಮಾಡಿದ. ಅವರು ಠಾಣೆಗೆ ಹೋಗಿ ಫಿರ್ಯಾದಿ ಕೊಟ್ಟರು. ಸಂಜೆ ಇಬ್ಬರು ಪೋಲೀಸರು ಮನೆಗೆ ಬಂದು ಹುಡುಗನಿಗೆ "ನಡೀ" ಎಂದರು. ಏಕೆ, ಎಲ್ಲಿಗೆ ಎಂಬುದನ್ನು ಅವರೂ ಹೇಳಲಿಲ್ಲ, ನಮ್ಮವರೂ ಕೇಳಲಿಲ್ಲ. ಕಾಕಾ ಊಟದ ತಾಟು ಬಿಟ್ಟು ಎದ್ದು ಬಂದು ಒಬ್ಬ ಪೋಲೀಸರ ರಟ್ಟೆ ಹಿಡಿದು ಜಗ್ಗಿದ. ಅಂಗಿಯ ಗುಂಡಿ ಕಿತ್ತಿತು. ಹದಿನೇಳು ವರ್ಷದ ನಾನು ಬಾಗಿಲಲ್ಲಿ ನಿಂತು "ಬಿಡಬ್ಯಾಡ ಕಾಕಾ, ಬಿಡಬ್ಯಾಡ" ಎಂದು ಕೂಗಿದೆ.

ಬದುವಿನ ಜಗಳ ಒಂದೇ ತಿಂಗಳಲ್ಲಿ ಮುಗಿಯಿತು. ಹಿರಿಯರು ಕೂಡಿದರು, ಮೋಜಣಿ ಆಯಿತು, ರಾಜಿಯಾಯಿತು. ಇಂದು ಆ ಎರಡೂ ಮನೆಗಳವರು ಒಬ್ಬರ ಮದುವೆಗೆ ಒಬ್ಬರು ಹೋಗಿ ಊಟ ಮಾಡಿ ಬರುತ್ತಾರೆ. ಆದರೆ ಆ ಗುಂಡಿಯ ಜಗಳ ಮುಗಿಯಲಿಲ್ಲ. ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿ ಕೈ ಮಾಡಿದ ಅಪರಾಧಕ್ಕೆ ಫಿರ್ಯಾದಿದಾರ ನೆರೆಯವನಲ್ಲ, ಸರಕಾರ. ಅಲ್ಲಿ ಹಿರಿಯರು ಕೂತು ರಾಜಿ ಮಾಡಿಸುವ ಹಾಗಿಲ್ಲ. ಕಾಕಾ ಆರು ವರ್ಷ ತಾರೀಖಿನಿಂದ ತಾರೀಖಿಗೆ ಬಸ್ಸು ಹತ್ತಿದ. ಒಂದು ಜೋಡಿ ಎತ್ತು ಮಾರಿದ. ಕೊನೆಗೆ ಅಪರಾಧ ಸಿದ್ಧವಾಗಲಿಲ್ಲವೆಂದು ಬಿಡುಗಡೆಯಾಯಿತು. ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ. ಆ ಸಂಜೆ ನಾನು "ಕೇಳು ಕಾಕಾ" ಎನ್ನಬೇಕಾಗಿತ್ತು. "ಬಿಡಬ್ಯಾಡ" ಎಂದೆ. ಇವತ್ತಿನ ನನ್ನ ಭಾಷಣವೆಲ್ಲ ಈ ಎರಡು ಮಾತುಗಳ ನಡುವಿನ ಅಂತರವೇ ಆಗಿದೆ.

ಕಾಯದೆ ಏನು ಹೇಳುತ್ತದೆ?

ಬ್ರಿಟಿಷರ ಕಾಲದಲ್ಲಿ, 1860ರಲ್ಲಿ ಆದ ದಂಡ ಸಂಹಿತೆ ನಮ್ಮಲ್ಲಿ ಬಹುಕಾಲ ನಡೆಯಿತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಮುಗಳ ಅಂಕಿ ಬದಲಾಗಿವೆ. ತಿರುಳು ಹೆಚ್ಚಾಗಿ ಮೊದಲಿನದೇ. ಇದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಶಿಕ್ಷೆ ಇದೆ.

ಮೊದಲನೆಯ ಮೆಟ್ಟಿಲು: ಸರಕಾರಿ ನೌಕರನ ಕೆಲಸಕ್ಕೆ ಬೇಕೆಂದೇ ಅಡ್ಡಿ ಮಾಡುವುದು. ಇದು 221ನೆಯ ಕಲಮು. 3 ತಿಂಗಳವರೆಗೆ ಸೆರೆ, ಇಲ್ಲವೆ 2,500 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಎರಡನೆಯದು: ಅವನು ತನ್ನ ಕರ್ತವ್ಯ ಮಾಡದಂತೆ ತಡೆಯಲು ಅವನ ಮೇಲೆ ಕೈ ಮಾಡುವುದು, ನೂಕುವುದು, ಜಗ್ಗುವುದು. ಇದು 132ನೆಯ ಕಲಮು, ಹಿಂದಿನ 353. 2 ವರ್ಷದವರೆಗೆ ಸೆರೆ. ಇದರಲ್ಲಿ ಠಾಣೆಯಲ್ಲೇ ಹಕ್ಕಿನಿಂದ ಜಾಮೀನು ಸಿಗುವುದಿಲ್ಲ, ನ್ಯಾಯಾಲಯವನ್ನು ಬೇಡಬೇಕು. ನಮ್ಮ ಕಾಕಾ ಸಿಕ್ಕಿಬಿದ್ದದ್ದು ಈ ಮೆಟ್ಟಿಲಿನಲ್ಲಿ.

ಮೂರನೆಯದು: ಪೆಟ್ಟಾದರೆ 121ನೆಯ ಕಲಮು, 5 ವರ್ಷದವರೆಗೆ. ಕೈಕಾಲು ಮುರಿಯುವಂಥ ಭಾರಿ ಪೆಟ್ಟಾದರೆ 1 ವರ್ಷಕ್ಕೆ ಕಡಿಮೆಯಿಲ್ಲದೆ 10 ವರ್ಷದವರೆಗೆ.

ಇವಲ್ಲದೆ, ಕಾಯದೆ ಪ್ರಕಾರ ತನ್ನನ್ನು ಹಿಡಿಯಲು ಬಂದಾಗ ಎದುರು ಬೀಳುವುದಕ್ಕೆ 262, ಇನ್ನೊಬ್ಬನನ್ನು ಹಿಡಿಯುವಾಗ ಅಡ್ಡ ಬರುವುದಕ್ಕೆ, ಬಿಡಿಸಿಕೊಂಡು ಹೋಗುವುದಕ್ಕೆ 263. ಎರಡಕ್ಕೂ 2 ವರ್ಷದವರೆಗೆ ಸೆರೆ ಉಂಟು. ಬಿಡಿಸಿಕೊಂಡವನ ಮೇಲಿನ ಆರೋಪ ದೊಡ್ಡದಿದ್ದರೆ ಬಿಡಿಸಿದವನ ಶಿಕ್ಷೆಯೂ ಏರುತ್ತದೆ. ತಾಯಿಯ ಕರುಳು, ಅಣ್ಣನ ಪ್ರೀತಿ ಎಂಬುದನ್ನು ಈ ಕಲಮು ಕೇಳುವುದಿಲ್ಲ.

ಇನ್ನೊಂದು ಮಾತು. ಸರಕಾರಿ ನೌಕರ ಎಂದರೆ ಖಾಕಿ ಬಟ್ಟೆಯವರಷ್ಟೇ ಅಲ್ಲ. ಮೋಜಣಿದಾರ, ಗ್ರಾಮ ಲೆಕ್ಕಿಗ, ಆಸ್ಪತ್ರೆಯ ನರ್ಸಬಾಯಿ, ಸಾರಿಗೆ ಬಸ್ಸಿನ ಕಂಡಕ್ಟರ್, ಬೀಜದ ಅಂಗಡಿ ತಪಾಸಣೆಗೆ ಬಂದ ಕೃಷಿ ಅಧಿಕಾರಿ ಇವರೆಲ್ಲ ಅದರಲ್ಲಿ ಬರುತ್ತಾರೆ. ಚಿಲ್ಲರೆಯ ಜಗಳದಲ್ಲಿ ಕಂಡಕ್ಟರನ ಕಾಲರ್ ಹಿಡಿದವನೂ ಇದೇ ಮೆಟ್ಟಿಲು ಹತ್ತಿರುತ್ತಾನೆ.

ನಮ್ಮಲ್ಲಿರುವ ಎರಡು ತಪ್ಪು ತಿಳುವಳಿಕೆ

"ವಾರಂಟು ತೋರಿಸದೆ ಹಿಡಿಯುವ ಹಾಗಿಲ್ಲ" ಎಂದು ಕಟ್ಟೆಯ ಮೇಲೆ ಕುಳಿತು ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. ಇದು ಅರ್ಧ ಸತ್ಯ. ಸಣ್ಣ ಅಪರಾಧಗಳಿಗೆ ಸಾಮಾನ್ಯವಾಗಿ ವಾರಂಟು ಬೇಕು. ಆದರೆ ಕಳವು, ದೊಂಬಿ, ಭಾರಿ ಹೊಡೆದಾಟ ಇಂಥವುಗಳಲ್ಲಿ ವಾರಂಟು ಇಲ್ಲದೆಯೂ ಹಿಡಿಯುವ ಅಧಿಕಾರ ಪೋಲೀಸರಿಗಿದೆ. ವಾರಂಟು ಇಲ್ಲವೆಂದು ಬಾಗಿಲಿಗೆ ಅಡ್ಡ ನಿಂತವನು ತಾನೇ ಹೊಸ ಅಪರಾಧಕ್ಕೆ ಬೀಳುತ್ತಾನೆ.

ಎರಡನೆಯದು: "ಪೋಲೀಸರು ಮಾಡಿದ್ದು ತಪ್ಪಾದರೆ ನಾವು ತಡೆಯಬಹುದು" ಎಂಬ ತಿಳುವಳಿಕೆ. ಬಂಧುಗಳೇ, ಇಲ್ಲಿ ಬಹಳ ಎಚ್ಚರ ಬೇಕು. ನಮ್ಮ ಮೈಯನ್ನು, ಮಾಲನ್ನು ಕಾಪಾಡಿಕೊಳ್ಳುವ ಹಕ್ಕನ್ನು ಕಾಯದೆ ಎಲ್ಲರಿಗೂ ಕೊಟ್ಟಿದೆ. ಆದರೆ 37ನೆಯ ಕಲಮು ಅದಕ್ಕೊಂದು ಬೇಲಿ ಹಾಕಿದೆ. ಸರಕಾರಿ ನೌಕರ ಸದ್ಭಾವನೆಯಿಂದ, ತನ್ನ ಹುದ್ದೆಯ ಬಲದ ಮೇಲೆ ಮಾಡಿದ ಕೆಲಸ ಕಟ್ಟುನಿಟ್ಟಾಗಿ ನೋಡಿದರೆ ಕಾಯದೆಗೆ ಸರಿಹೋಗದಿದ್ದರೂ, ಅದರಿಂದ ಜೀವಕ್ಕೆ ಅಥವಾ ಭಾರಿ ಗಾಯಕ್ಕೆ ಅಂಜಿಕೆ ಇಲ್ಲದಿದ್ದರೆ, ಅವನ ಎದುರು ಆ ಹಕ್ಕು ನಡೆಯುವುದಿಲ್ಲ. ಜೀವಕ್ಕೇ ಕುತ್ತು ಬಂದಾಗಿನ ಮಾತು ಬೇರೆ. ಆದರೆ ಆ ಬಾಗಿಲು ಬಹಳ ಸಣ್ಣದು. ಬಂದವನು ಸರಕಾರಿ ನೌಕರನೆಂದು ಗೊತ್ತಿಲ್ಲದಾಗ ಈ ಬೇಲಿ ಇಲ್ಲ. ಮೇಲಿನವರ ಹುಕುಂ ತಂದಿದ್ದೇನೆಂದವನು, ಲಿಖಿತ ಹುಕುಂ ಇದ್ದೂ ಕೇಳಿದರೆ ತೋರಿಸದಿದ್ದಾಗಲೂ ಇಲ್ಲ. ಅದಕ್ಕೇ ಮೊದಲು ಕೇಳಬೇಕು.

ಹಾಗಾದರೆ ಪೋಲೀಸರು ತಪ್ಪಿದರೆ ನಾವು ಬಾಯಿ ಮುಚ್ಚಿ ನಿಲ್ಲಬೇಕೇ? ಇಲ್ಲ. ತಪ್ಪನ್ನು ಅಂಗಳದಲ್ಲಿ ಕೈಯಿಂದ ತಿದ್ದಬೇಡಿರಿ, ನ್ಯಾಯಾಲಯದಲ್ಲಿ ಕಾಗದದಿಂದ ತಿದ್ದಿರಿ ಎಂಬುದಷ್ಟೇ ಇದರ ಅರ್ಥ. ಕೈ ಎತ್ತಿದ ಕ್ಷಣಕ್ಕೆ ಪೋಲೀಸರ ತಪ್ಪು ಹಿಂದೆ ಬಿದ್ದು ನಮ್ಮ ತಪ್ಪು ಮುಂದೆ ಬರುತ್ತದೆ.

ಗುಂಪಿನ ಸಿಟ್ಟು

ಒಬ್ಬನ ಸಿಟ್ಟಿಗಿಂತ ಗುಂಪಿನ ಸಿಟ್ಟು ಕೆಟ್ಟದ್ದು. ನಮ್ಮ ಜಿಲ್ಲೆಯ ಎರಡು ದಿನಗಳನ್ನು ನೆನಪು ಮಾಡಿಕೊಡುತ್ತೇನೆ.

2008ರ ಜೂನ್ 10. ಮಿರಗದ ಮಳೆ ಕೂಡಿತ್ತು, ಬಿತ್ತಿಗೆಯ ಹದ ಇತ್ತು, ಗೊಬ್ಬರ ಇರಲಿಲ್ಲ. ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರು ಆಯಿತು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಆಗ ನಾನು ಹನ್ನೊಂದು ವರ್ಷದ ಹುಡುಗ. ಆ ದಿನ ಊರಲ್ಲಿ ಯಾರ ಮನೆಯ ಒಲೆಯೂ ಹೊತ್ತಿಗೆ ಸರಿಯಾಗಿ ಹೊತ್ತಲಿಲ್ಲ. ಬಿತ್ತುವ ಹೊತ್ತಿನಲ್ಲಿ ಗೊಬ್ಬರ ಕೇಳುವುದು ಅಪರಾಧವಲ್ಲ. ಆ ಎರಡು ಜೀವಗಳ ನೆನಪು ಈ ಜಿಲ್ಲೆಯ ರೈತರಿಗೆ ಇಂದಿಗೂ ಹಸಿಯಾಗಿದೆ. ಪೋಲೀಸರ ಬಲಕ್ಕೂ ಕಾಯದೆಯ ಹಗ್ಗ ಬಿಗಿಯಾಗಿರಬೇಕೆಂಬುದನ್ನು ಆ ದಿನ ಕಲಿಸಿತು.

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿ ಪೇಟೆ. ನಮ್ಮ ಜಿಲ್ಲೆಯವರಷ್ಟೇ ಅಲ್ಲ, ಬಳ್ಳಾರಿ, ರಾಯಚೂರು ಕಡೆಯವರೂ ಮೆಣಸಿನಕಾಯಿ ತಂದಿದ್ದರು. ದರ ಒಮ್ಮೆಲೇ ಕುಸಿಯಿತೆಂದು ರೈತರು ರೊಚ್ಚಿಗೆದ್ದರು. ಅವರ ಹೊಟ್ಟೆಯ ಉರಿ ಸುಳ್ಳಲ್ಲ. ಒಂದು ಎಕರೆ ಮೆಣಸಿನಕಾಯಿಗೆ ಎಷ್ಟು ಖರ್ಚು ಬರುತ್ತದೆಂಬುದನ್ನು ಬಲ್ಲವನು ನಾನು. ಆದರೆ ಮಾರುಕಟ್ಟೆ ಸಮಿತಿಯ ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು, ಬೆಂಕಿ ಆರಿಸಲು ಬಂದ ಬಂಡಿಯನ್ನೂ ಬಿಡಲಿಲ್ಲ, ಪೋಲೀಸರಿಗೂ ಪೆಟ್ಟಾಯಿತು. ಬಳಿಕ ಹತ್ತಾರು ಜನರ ಬಂಧನವಾಯಿತು. ಮರುದಿನ ನಾಡಿನ ಬಾಯಲ್ಲಿ ಮೆಣಸಿನಕಾಯಿಯ ದರದ ಮಾತು ಉಳಿಯಲಿಲ್ಲ, ಬೆಂಕಿಯ ಮಾತೇ ಉಳಿಯಿತು. ಮಾಲು ಅಂಗಳದಲ್ಲಿ, ಮಾಲಕ ಸೆರೆಯಲ್ಲಿ ಎಂಬಂತಾಯಿತು.

ಗುಂಪಿನ ಬಗ್ಗೆ ಕಾಯದೆ ಹೀಗಿದೆ. ಐದು ಅಥವಾ ಹೆಚ್ಚು ಜನ ಕಾಯದೆಗೆ ವಿರುದ್ಧವಾದ ಉದ್ದೇಶದಿಂದ ಕೂಡಿದರೆ ಅದು ಅಕ್ರಮ ಕೂಟ. ಆ ಉದ್ದೇಶಕ್ಕಾಗಿ ಒಬ್ಬ ಕಲ್ಲು ಎಸೆದರೂ 190ನೆಯ ಕಲಮಿನಂತೆ ಕೂಟದ ಪ್ರತಿಯೊಬ್ಬನೂ ಅದಕ್ಕೆ ಹೊಣೆಯಾಗಬಹುದು. "ನಾನು ನೋಡಲು ನಿಂತಿದ್ದೆ" ಎಂಬುದನ್ನು ಸಿದ್ಧಮಾಡಿ ತೋರಿಸಲು ಮತ್ತೆ ವರ್ಷಗಟ್ಟಲೆ ತಾರೀಖು. ಶಾಂತತೆ ಕೆಡುವ ಸಂಭವವಿದ್ದ ಐದು ಅಥವಾ ಹೆಚ್ಚು ಜನರ ಗುಂಪಿಗೆ "ಚದುರಿರಿ" ಎಂದು ಕಾಯದೆ ಪ್ರಕಾರ ಆಜ್ಞೆಯಾದ ಮೇಲೂ ತಿಳಿದೂ ಅಲ್ಲೇ ನಿಂತರೆ 6 ತಿಂಗಳವರೆಗೆ ಸೆರೆ. ಗಲಭೆ ಅಡಗಿಸುವ ಅಧಿಕಾರಿಯ ಮೇಲೆ ಕೈ ಮಾಡಿದರೆ 195ನೆಯ ಕಲಮಿನಂತೆ 3 ವರ್ಷದವರೆಗೆ ಸೆರೆ, ಇಲ್ಲವೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೆ ಎರಡೂ. ಸಾರ್ವಜನಿಕ ಆಸ್ತಿಗೆ ಬೆಂಕಿ ಹಚ್ಚಿದರೆ 1984ರ ಕಾಯದೆಯೊಂದು ಬೇರೆಯೇ ಇದೆ. ಅದರಲ್ಲಿ 10 ವರ್ಷದವರೆಗೆ ಶಿಕ್ಷೆ.

ದರದ ಜಗಳಕ್ಕೆ ಬೇರೆ ದಾರಿ ಇದೆ. ಟೆಂಡರಿನಲ್ಲಿ ಬಿದ್ದ ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡದಿರುವ ಹಕ್ಕು ರೈತನದು. ಬ್ಯಾಡಗಿಯಲ್ಲಿ ಶೀತಲ ಗೃಹಗಳಿವೆ. ಮಾಲು ಇಟ್ಟು ಕಾಯಬಹುದು. ಕೂಡಿ ಬರೆದ ಒಂದು ಅರ್ಜಿಯನ್ನು ಸಮಿತಿಗೂ ಜಿಲ್ಲಾಧಿಕಾರಿಗಳಿಗೂ ಕೊಟ್ಟು ಸ್ವೀಕೃತಿ ಪಡೆಯಬಹುದು. ಶಾಂತವಾಗಿ ಧರಣಿ ಕೂಡ್ರಬಹುದು. ಇವು ನಿಧಾನವಾದ ದಾರಿಗಳು, ಒಪ್ಪುತ್ತೇನೆ. ಆದರೆ ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ಮೈಲಾರ ಮಹಾದೇವಪ್ಪನವರ ನಾಡು

ಮೊನ್ನೆ ಒಂದು ಊರಲ್ಲಿ ತರುಣನೊಬ್ಬ ಎದ್ದು, "ಸರ್, ಇದು ಮೈಲಾರ ಮಹಾದೇವಪ್ಪನವರ ನಾಡು. ನಾವು ಪೋಲೀಸರಿಗೆ ಅಂಜಬೇಕೇನ್ರಿ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಆ ವೀರರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಡಿಗರೊಂದಿಗೆ ಗುಂಡಿಗೆ ಎದೆಕೊಟ್ಟರು. ಅದು ಪರರ ಆಳಿಕೆ. ಆ ಕಾಯದೆ ಮಾಡುವಾಗ ನಮ್ಮನ್ನು ಯಾರೂ ಕೇಳಿರಲಿಲ್ಲ, ಅದನ್ನು ಬದಲಿಸಲು ನಮಗೆ ಮತವಿರಲಿಲ್ಲ. ಇಂದು ಆ ಮತ ಇದೆ, ಸಂವಿಧಾನ ಇದೆ.

ಇನ್ನೂ ಒಂದು ನೆನಪಿರಲಿ. ಅದೇ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದವರು. ಆ ವರ್ಷ ಉಪ್ಪಿನ ಕಾಯದೆ ಮುರಿದವರು ಹಿಡಿಯಲು ಬಂದವರ ಕೈ ತಿರುವಲಿಲ್ಲ. ಧಾರಾಸನಾದಲ್ಲಿ ಲಾಠಿ ಬಿದ್ದಾಗಲೂ ಸತ್ಯಾಗ್ರಹಿಗಳು ತಿರುಗಿ ಕೈ ಎತ್ತಲಿಲ್ಲ. ಅಂಜಿ ಸುಮ್ಮನಿದ್ದರೆಂದು ಅವರನ್ನು ಯಾರೂ ಅನ್ನುವುದಿಲ್ಲ. ಅಂಜದೆ ಇರುವುದೂ ಅಡ್ಡಿ ಮಾಡುವುದೂ ಒಂದೇ ಅಲ್ಲ ಎಂದು ಆ ತರುಣನಿಗೆ ಹೇಳಿದೆ.

ಕೇಳಬೇಕಾದ್ದು ಏನು?

ಪೋಲೀಸರ ಮೇಲೂ ಕಾಯದೆ ಹೊಣೆ ಹೊರಿಸಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಇನ್ನೊಂದು ಕಾಯದೆಯೂ 2024ರ ಜುಲೈ 1ರಿಂದಲೇ ನಡೆಯುತ್ತಿದೆ. ಅದರಲ್ಲಿ ನಾವು ತಿಳಿದಿರಬೇಕಾದವು ಇವು.

1. ಹಿಡಿಯಲು ಬಂದವರ ಹೆಸರು ಕಾಣುವಂತೆ, ಓದಲು ಬರುವಂತೆ ಎದೆಯ ಮೇಲಿರಬೇಕು. "ಸಾಹೇಬ್ರ, ನಿಮ್ಮ ಹೆಸರೇನ್ರಿ? ಯಾವ ಠಾಣೆಯಿಂದ ಬಂದೀರಿ?" ಎಂದು ಕೇಳಿರಿ.

2. ವಾರಂಟು ಇಲ್ಲದೆ ಹಿಡಿದರೆ ಯಾವ ಅಪರಾಧಕ್ಕೆಂದು ಹೇಳಬೇಕು. ಇದು ಸಂವಿಧಾನದ 22ನೆಯ ಅನುಚ್ಛೇದವೂ ಕೊಟ್ಟ ಹಕ್ಕು. ವಾರಂಟಿನ ಮೇಲೆ ಹಿಡಿದರೆ ಅದರ ತಾತ್ಪರ್ಯ ಹೇಳಬೇಕು, ಕೇಳಿದರೆ ತೋರಿಸಬೇಕು. "ಯಾವ ಕಾರಣಕ್ಕ ಕರಕೊಂಡು ಹೊಂಟೀರ್ರಿ?" ಎಂದು ಕೇಳುವುದು ಅಡ್ಡಿಯಲ್ಲ.

3. ಬಂಧನದ ಪಂಚನಾಮೆ ಸ್ಥಳದಲ್ಲೇ ಬರೆಯಬೇಕು. ಅದಕ್ಕೆ ಮನೆಯವರೊಬ್ಬರ ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಸಹಿ, ಹಿಡಿಯಲ್ಪಟ್ಟವನ ಸಹಿ ಇರಬೇಕು. ಸಹಿಯಾಗಲಿ ಹೆಬ್ಬೆಟ್ಟಾಗಲಿ, ಓದಿಸಿ ಕೇಳಿದ ಮೇಲೆಯೇ ಹಾಕಿರಿ.

4. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪ್ರತಿಯೊಬ್ಬನನ್ನೂ ಹಿಡಿದೊಯ್ಯಲೇಬೇಕೆಂದಿಲ್ಲ. ಬಂಧನಕ್ಕೆ ಕಾರಣ ಬರೆಯಬೇಕು, ಇಲ್ಲವಾದರೆ ನೋಟೀಸು ಕೊಟ್ಟು ಕರೆಯಬೇಕು. 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ವರ್ಷ ಮೀರಿದವರನ್ನಾಗಲಿ ಅಶಕ್ತರನ್ನಾಗಲಿ ಡಿ.ವೈ.ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮುಂಗಡ ಅನುಮತಿ ಇಲ್ಲದೆ ಬಂಧಿಸುವ ಹಾಗಿಲ್ಲ.

5. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವ ಹಾಗಿಲ್ಲ. ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿ ಬರೆದುಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು.

6. ಮನೆ ಶೋಧಿಸಿ ವಸ್ತು ಜಪ್ತಿ ಮಾಡುವಾಗ ಚಿತ್ರ, ಧ್ವನಿ ದಾಖಲಾಗಬೇಕು, ಮೊಬೈಲಿನಲ್ಲಾದರೂ ಸರಿ.

7. ಹಿಡಿದವನನ್ನು ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೊಡೆತ ಬಿದ್ದಿದ್ದರೆ ಅಲ್ಲೇ ಅವರ ಮುಂದೆ ಹೇಳಿರಿ. ವೈದ್ಯರ ತಪಾಸಣೆ ಕೇಳಿರಿ.

ಕೇಳಿದರೂ ಹೇಳದೆ ಕರೆದೊಯ್ದರೆ? ಆಗಲೂ ಅಡ್ಡ ನಿಲ್ಲಬೇಡಿರಿ. ಹೊತ್ತು, ತಾರೀಖು, ವಾಹನದ ಅಂಕಿ, ಯಾರು ಬಂದಿದ್ದರು, ಯಾರು ನೋಡಿದರು ಎಂಬುದನ್ನು ಅದೇ ರಾತ್ರಿ ಬರೆದಿಡಿರಿ. ಇಬ್ಬರು ಹಿರಿಯರು ಠಾಣೆಗೆ ಹೋಗಿ ಫೌಜದಾರರನ್ನು ಕಾಣಿರಿ. ಅಲ್ಲಿ ಉತ್ತರ ಸಿಗದಿದ್ದರೆ ಜಿಲ್ಲಾ ಪೋಲೀಸ ವರಿಷ್ಠರಿಗೆ ಅರ್ಜಿ ಕೊಡಿರಿ. ಅದಕ್ಕೂ ಮೇಲೆ ಮ್ಯಾಜಿಸ್ಟ್ರೇಟರು ಇದ್ದಾರೆ, ರಾಜ್ಯ ಮಾನವ ಹಕ್ಕುಗಳ ಆಯೋಗ ಇದೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೂಡ್ರಬೇಡಿರಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ, ಕಡಿಮೆ ಆದಾಯದವರಿಗೆ 1987ರ ಕಾಯದೆಯಂತೆ ಪುಕ್ಕಟೆ ವಕೀಲರ ನೆರವು ಉಂಟು. ತಾಲೂಕಿನ ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಕೇಳಿರಿ, ಇಲ್ಲವೆ 15100ಕ್ಕೆ ಫೋನು ಮಾಡಿರಿ.

ಇಷ್ಟನ್ನೂ ಮಾಡಿದರೆ ಎಲ್ಲ ಸಲವೂ ನ್ಯಾಯ ಸಿಕ್ಕೇ ಸಿಗುತ್ತದೆಂದು ನಾನು ಆಣೆ ಮಾಡಲಾರೆ. ಒಳ್ಳೆಯ ಬೀಜ ಬಿತ್ತಿದವನಿಗೂ ಮಳೆ ಕೈಕೊಡುವುದುಂಟು. ಆದರೆ ಬೀಜವನ್ನೇ ಸುಟ್ಟವನಿಗೆ ಮಳೆ ಬಂದರೂ ಬೆಳೆ ಇಲ್ಲ.

ಕಡೆಯದಾಗಿ ಒಂದು ವಿನಂತಿ. ಈ ಏಳು ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ, ಹಾಲಿನ ಡೇರಿಯ ಬಾಗಿಲಿಗೆ ಹಚ್ಚಿರಿ. ಓದು ಬಲ್ಲ ತರುಣರು ಓದು ಬಾರದವರಿಗೆ ಹೇಳಿಕೊಡಿರಿ. ನಾಳೆ ಯಾವುದೋ ಮನೆಯ ಮುಂದೆ ಜೀಪು ನಿಂತಾಗ, ನೆರೆದವರಲ್ಲಿ ಒಬ್ಬನಾದರೂ "ಬಿಡಬ್ಯಾಡ" ಎನ್ನುವ ಬದಲು "ಕೇಳು" ಎಂದರೆ, ನಮ್ಮ ಕಾಕಾ ತಿರುಗಿದ ಆರು ವರ್ಷ ಇನ್ನೊಬ್ಬರಿಗೆ ತಪ್ಪುತ್ತದೆ.

ನನ್ನ ಮಾತಿನಲ್ಲಿ ತಪ್ಪಿದ್ದರೆ ಹಿರಿಯರು ತಿದ್ದಬೇಕು. ಮುಂದಿನ ಸಲ ಬಂದಾಗ ಮೆಣಸಿನ ಸಸಿಮಡಿಯ ಮಾತು ಆಡೋಣ.